ತೊರೆಯ ದಂಡೆಯಲ್ಲಿ ಕಲೆ: ಎಲೆ, ಕಲ್ಲು, ಮಣ್ಣು ಮತ್ತು ಹರಿಯುವ ನೀರು

ಅಂಗಡಿಯಿಂದ ಏನನ್ನೂ ತರದೆ, ಹರಿಯುವ ಸಣ್ಣ ನೀರಿನ ಪಕ್ಕ ಕೂತು, ಅಲ್ಲೇ ಬಿದ್ದಿರುವ ಎಲೆ, ಕಡ್ಡಿ, ಕಲ್ಲು, ಕೆಸರಿನಿಂದ ಏನಾದರೂ ಮಾಡಬೇಕೆಂಬ ಆಸೆ ಇರುವವರಿಗಾಗಿ ಈ ಬರಹ. ಚಿತ್ರ ಬರೆಯಲು ಬರಲೇಬೇಕೆಂದಿಲ್ಲ. ಸುಮ್ಮನೆ ಕೂತು ನೋಡುವ ತಾಳ್ಮೆ ಇರಬೇಕು, ಬಟ್ಟೆ ಒದ್ದೆಯಾದರೆ ಬೇಸರವಾಗಬಾರದು, ಅಷ್ಟೇ. ಇಲ್ಲಿ ಹೇಳುವ ಎಲ್ಲ ಕೆಲಸಗಳಿಗೂ ಬುಡದಲ್ಲಿರುವುದು ಒಂದೇ ಮಾತು: ಅರ್ಧ ಕೆಲಸವನ್ನು ತೊರೆಗೇ ಬಿಟ್ಟುಕೊಡಿ. ಎಲೆಯನ್ನು ಎಲ್ಲಿಗೆ ಒಯ್ಯಬೇಕು, ಯಾವ ಬಣ್ಣ ಎಷ್ಟು ಹೊತ್ತು ಉಳಿಯಬೇಕು, ಕೆಲಸ ಯಾವಾಗ ಮುಗಿಯಬೇಕು ಎಂಬುದನ್ನು ನೀರು ನಿಮಗಿಂತ ಚೆನ್ನಾಗಿ ತೀರ್ಮಾನಿಸುತ್ತದೆ.

ನೆಲ, ನೀರು, ಕಲ್ಲುಗಳನ್ನೇ ಸಾಮಗ್ರಿ ಮಾಡಿಕೊಂಡ ಕಲೆ 1960ರ ದಶಕದ ಕೊನೆಯಲ್ಲಿ ಜಗತ್ತಿನ ಗಮನ ಸೆಳೆಯಿತು. ಇಂಗ್ಲೆಂಡಿನ ರಿಚರ್ಡ್ ಲಾಂಗ್ 1967ರಲ್ಲಿ ಒಂದು ಹುಲ್ಲುಗಾವಲಿನಲ್ಲಿ ಅತ್ತಿಂದಿತ್ತ ನಡೆದು ನಡೆದು, ಹುಲ್ಲು ಒರಗಿ ಮೂಡಿದ ಗೆರೆಯ ಫೋಟೋ ತೆಗೆದರು. ಅಷ್ಟೇ ಆ ಕೃತಿ. ಅಮೆರಿಕದ ರಾಬರ್ಟ್ ಸ್ಮಿತ್‌ಸನ್ 1970ರಲ್ಲಿ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಸರೋವರದೊಳಕ್ಕೆ ಸುರುಳಿಯಾಕಾರದ ಕಲ್ಲಿನ ದಾರಿ ಕಟ್ಟಿಸಿದರು. ಅದರ ಉದ್ದ ಸುಮಾರು 460 ಮೀಟರ್, ಕಟ್ಟಲು ಲಾರಿಗಳೂ ಮಣ್ಣೆತ್ತುವ ಯಂತ್ರಗಳೂ ಬೇಕಾದವು. ಆಮೇಲೆ ಬಂದ ಬ್ರಿಟನ್ನಿನ ಆ್ಯಂಡಿ ಗೋಲ್ಡ್ಸ್‌ವರ್ದಿ ಮುಳ್ಳಿನಿಂದ ಎಲೆ ಹೊಲಿದು, ಒದ್ದೆ ಎಲೆಯನ್ನು ಬಂಡೆಗೆ ಅಂಟಿಸಿ ಕೆಲಸ ಮಾಡುತ್ತಾ ಬಂದಿದ್ದಾರೆ. ಅವುಗಳಲ್ಲಿ ಎಷ್ಟೋ ಕೃತಿಗಳ ಆಯುಸ್ಸು ಕೆಲವೇ ನಿಮಿಷ ಅಥವಾ ಗಂಟೆ. ಸಣ್ಣ ತೊರೆಗೆ ಒಪ್ಪುವುದು ಈ ಮೂರನೆಯ ದಾರಿ, ಒಂದಿಷ್ಟು ಮೊದಲನೆಯದು. ಯಂತ್ರ ಬೇಡುವ ಕಲೆಯನ್ನು ಸರೋವರಗಳು ತಾಳಿಕೊಂಡಾವು. ಮೂರು ಹೆಜ್ಜೆ ಅಗಲದ ಹಳ್ಳಕ್ಕೆ ಅದು ತಡೆಯುವುದಿಲ್ಲ.

ಜಾಗ, ಹೊತ್ತು, ಎಚ್ಚರಿಕೆ

ಮೊಣಕಾಲಿಗಿಂತ ಕಡಿಮೆ ಆಳ, ಅಲ್ಲಲ್ಲಿ ನಿಧಾನವಾಗಿ ನಿಲ್ಲುವ ನೀರು, ಒಂದು ಬದಿಯಲ್ಲಾದರೂ ಒಣ ಮರಳೋ ಗರಸೋ ಹರಡಿರುವ ದಂಡೆ: ಇಂಥ ಜಾಗ ಹುಡುಕಿ. ತೊರೆ ತಿರುಗುವ ಕಡೆ ಸಾಮಾನ್ಯವಾಗಿ ಇದು ಸಿಗುತ್ತದೆ. ತಿರುವಿನ ಹೊರಬದಿಯಲ್ಲಿ ನೀರಿನ ಸೆಳವು ಹೆಚ್ಚು, ಅದು ದಂಡೆಯನ್ನು ಕೊರೆಯುತ್ತಿರುತ್ತದೆ. ಒಳಬದಿಯಲ್ಲಿ ವೇಗ ತಗ್ಗುವುದರಿಂದ ಹೊತ್ತು ತಂದದ್ದನ್ನೆಲ್ಲ ಅಲ್ಲಿ ಇಳಿಸಿ ಹೋಗುತ್ತದೆ. ನಿಮ್ಮ ಸಾಮಗ್ರಿಯ ಉಗ್ರಾಣ ಆ ಒಳಬದಿ.

ಜಾಗ ಯಾರದ್ದು, ಅಲ್ಲಿ ಓಡಾಡಲು ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಸಂರಕ್ಷಿತ ಪ್ರದೇಶಗಳಲ್ಲಿ ಕಲ್ಲು, ಗಿಡ, ಮಣ್ಣು ಯಾವುದನ್ನೂ ಮುಟ್ಟುವಂತಿಲ್ಲ ಎಂಬ ನಿಯಮ ಇರುವುದೇ ಹೆಚ್ಚು. ಗಣಿ, ಕಾರ್ಖಾನೆ, ಚರಂಡಿಗಳ ಕೆಳಭಾಗದಲ್ಲಿರುವ ತೊರೆಯನ್ನು ಬಿಟ್ಟುಬಿಡಿ, ಅಲ್ಲಿನ ಕೆಸರಿನಲ್ಲಿ ಏನೇನು ಸೇರಿದೆಯೋ ಹೇಳಲಾಗದು. ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ದಪ್ಪ ಕೆನೆ ಕಟ್ಟಿದ್ದರೆ ಅಲ್ಲಿಯೂ ಕೈ ಹಾಕಬೇಡಿ. ಅದು ವಿಷಕಾರಿ ನೀಲಿ-ಹಸಿರು ಪಾಚಿ ಇರಬಹುದು.

ಎಲ್ಲಕ್ಕಿಂತ ಮುಖ್ಯ ಮಳೆಯ ವಿಚಾರ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲ್ಗಡೆ ಎಲ್ಲೋ ಸುರಿದ ಮಳೆ ತೊರೆಯಲ್ಲಿ ದಿಢೀರನೆ ಇಳಿದು ಬರುತ್ತದೆ. ತಿಳಿಯಾಗಿದ್ದ ನೀರು ಒಮ್ಮೆಲೇ ಕದಡಿದರೆ, ಕಸಕಡ್ಡಿ ತೇಲಿಬರಲು ಶುರುವಾದರೆ, ಸದ್ದು ಬದಲಾದರೆ, ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಎತ್ತರಕ್ಕೆ ಹತ್ತಿ. ರಭಸವಾಗಿ ಹರಿಯುವ ನೀರು ಬರೀ 15 ಸೆಂಟಿಮೀಟರ್ ಆಳವಿದ್ದರೂ ದೊಡ್ಡವರನ್ನು ಕೆಡವಬಲ್ಲದು. ಕೈಕಾಲಿನಲ್ಲಿ ಹಸಿ ಗಾಯವಿದ್ದ ದಿನ ನೀರಿಗೆ ಇಳಿಯದಿರುವುದು ಒಳ್ಳೆಯದು. ಇಲಿ ಜ್ವರದ ಸೋಂಕು ಬರುವುದು ಹೀಗೆಯೇ. ಒಬ್ಬರೇ ಹೋಗುವುದಾದರೆ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯಲ್ಲಿ ಹೇಳಿ ಹೋಗಿ.

ಚೀಲದಲ್ಲಿ ಇರಬೇಕಾದದ್ದು ಸ್ವಲ್ಪವೇ: ಜಾರದ ಚಪ್ಪಲಿ, ಮುಚ್ಚಳವಿರುವ ಎರಡು ಮೂರು ಡಬ್ಬಿ, ಹಳೆಯ ಬಟ್ಟೆ, ನೋಟ್‌ಬುಕ್, ಒಂದಿಷ್ಟು ದಪ್ಪ ಕಾಗದ, ಫೋಟೋ ತೆಗೆಯಲು ಫೋನು. ದಾರ, ಅಂಟು, ತಂತಿ ಬೇಡ. ಇವು ಕೈಗೆ ಸಿಕ್ಕರೆ ಮುಳ್ಳನ್ನೂ ನಾರನ್ನೂ ಹುಡುಕುವ ಕಷ್ಟ ಯಾರೂ ಪಡುವುದಿಲ್ಲ.

ಮೊದಲ ಅರ್ಧ ಗಂಟೆ ಏನೂ ಮಾಡಬೇಡಿ

ಹೋದ ಕೂಡಲೇ ಎಲೆ ಆರಿಸಲು ಬಗ್ಗಬೇಡಿ, ಕೂತುಕೊಳ್ಳಿ. ಆಮೇಲೆ ಮೇಲ್ಗಡೆಯಿಂದ ಒಂದೊಂದೇ ಒಣ ಎಲೆಯನ್ನು ನೀರಿಗೆ ಬಿಟ್ಟು ಅದರ ದಾರಿ ನೋಡಿ. ಎಲೆ ನಡುಹರಿವಿನಲ್ಲಿ ಸರ್ರನೆ ಹೋಗುತ್ತದೆ, ಕಲ್ಲಿನ ಹಿಂದೆ ಬಂದಾಗ ತಡವರಿಸುತ್ತದೆ, ಕೆಲವೊಮ್ಮೆ ಹಿಂದಕ್ಕೇ ತಿರುಗಿ ಬರುತ್ತದೆ. ನೀರಿಗೆ ಅಡ್ಡ ನಿಂತ ಪ್ರತಿ ಕಲ್ಲಿನ ಬೆನ್ನ ಹಿಂದೆಯೂ ಇಂಥ ಒಂದು ಹಿಮ್ಮುಖ ಸುಳಿ ಇರುತ್ತದೆ. ನಿಮ್ಮ ತೇಲುವ ಕೆಲಸಗಳೆಲ್ಲ ಹುಟ್ಟುವುದು ಈ ಸುಳಿಗಳಲ್ಲೇ, ಆದ್ದರಿಂದ ಅವು ಎಲ್ಲೆಲ್ಲಿವೆ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ, ಎಲ್ಲಿ ಆಕಾಶ ಪ್ರತಿಫಲಿಸುತ್ತದೆ, ಎಲ್ಲಿ ತಳ ಕಾಣುತ್ತದೆ ಎಂಬುದನ್ನೂ ಬರೆದಿಡಿ.

ಹೀಗೆ ಕೂತಾಗ ಕಣ್ಣಿಗೆ ಬೀಳುವ ಇನ್ನೂ ಎರಡು ಸಂಗತಿಗಳಿವೆ. ಒಂದು, ನೊರೆ. ತೊರೆಯ ನೊರೆ ಕಂಡ ಕೂಡಲೇ ಸೋಪು ಎಂದುಕೊಳ್ಳಬೇಕಿಲ್ಲ. ಕೊಳೆತ ಎಲೆಗಳಿಂದ ನೀರಿಗೆ ಇಳಿದ ಸಾವಯವ ಅಂಶಗಳೂ ನೊರೆ ಎಬ್ಬಿಸುತ್ತವೆ. ಇನ್ನೊಂದು, ಒರತೆಯ ಬಳಿ ನಿಂತ ನೀರಿನ ಮೇಲೆ ಎಣ್ಣೆಯಂತೆ ಮಿನುಗುವ ಪೊರೆ. ಅದನ್ನು ಕಡ್ಡಿಯಿಂದ ಚುಚ್ಚಿ ನೋಡಿ. ಒಡೆದ ಗಾಜಿನ ಹಾಗೆ ಚೂರುಚೂರಾಗಿ ಬೇರೆಯಾದರೆ ಅದು ಕಬ್ಬಿಣದ ಅಂಶವನ್ನು ಉಂಡು ಬದುಕುವ ಬ್ಯಾಕ್ಟೀರಿಯಾಗಳ ಕೆಲಸ. ಚುಚ್ಚಿದ ಜಾಗ ಮತ್ತೆ ಸುತ್ತಿಕೊಂಡು ಕೂಡಿದರೆ ಪೆಟ್ರೋಲೋ ಡೀಸೆಲ್ಲೋ ಸೇರಿದೆ, ಅಲ್ಲಿಂದ ಎದ್ದು ಬನ್ನಿ. ಬ್ಯಾಕ್ಟೀರಿಯಾದ ಪೊರೆಯ ಪಕ್ಕದಲ್ಲಿ ಕಿತ್ತಳೆ ಬಣ್ಣದ ಮೆತ್ತನೆಯ ಗಸಿ ಕೂತಿರುತ್ತದೆ. ಅದರ ಜಾಗ ನೆನಪಿಡಿ, ಬಣ್ಣ ಮಾಡುವಾಗ ಬೇಕಾಗುತ್ತದೆ.

ಏನನ್ನು ಮುಟ್ಟಬಹುದು, ಏನನ್ನು ಬಿಡಬೇಕು

ಉದುರಿದ್ದನ್ನು ತೆಗೆದುಕೊಳ್ಳಿ, ಕೀಳಬೇಡಿ. ಎಲೆ, ಹೂವು, ಕಾಯಿ, ತೊಗಟೆ, ಗರಿ ಎಲ್ಲಕ್ಕೂ ಈ ನಿಯಮ ಸಾಕು. ಕಲ್ಲಿನ ವಿಚಾರದಲ್ಲಿ ಮಾತ್ರ ಇನ್ನೂ ಬಿಗಿಯಾಗಿರಬೇಕು: ಒಣ ದಂಡೆಯ ಕಲ್ಲು ಬಳಸಿ, ನೀರೊಳಗಿನ ಕಲ್ಲನ್ನು ಎಬ್ಬಿಸಬೇಡಿ.

ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಹರಿಯುವ ನೀರಿನಲ್ಲಿ ಮುಳುಗಿರುವ ಅಂಗೈಯಗಲದ ಕಲ್ಲಿನ ಅಡಿಭಾಗ ಒಂದು ತುಂಬಿದ ಮನೆ. ಮೇಫ್ಲೈ ಎಂಬ ಕೀಟದ ಮರಿಗಳು ಅಲ್ಲಿ ಕಲ್ಲಿಗೆ ಚಪ್ಪಟೆಯಾಗಿ ಅಪ್ಪಿಕೊಂಡಿರುತ್ತವೆ, ಮೀನಿನ ಮೊಟ್ಟೆ ಇರಬಹುದು, ಮರಳಿನ ಕಣಗಳಿಂದ ಮಾಡಿದ ಕೊಳವೆಗಳು ಅಂಟಿಕೊಂಡಿರಬಹುದು. ಆ ಕೊಳವೆಯೊಳಗೆ ಕ್ಯಾಡಿಸ್‌ಫ್ಲೈ ಎಂಬ ಕೀಟದ ಮರಿಹುಳು ವಾಸಿಸುತ್ತದೆ. ತನ್ನ ಬಾಯಿಂದ ಬರುವ ರೇಷ್ಮೆಯಂಥ ಎಳೆಯಿಂದ ಮರಳು, ಕಡ್ಡಿ, ಎಲೆಚೂರುಗಳನ್ನು ಒಂದಕ್ಕೊಂದು ಹೊಂದಿಸಿ ಹೆಣೆದು ಅದು ಮನೆ ಕಟ್ಟಿಕೊಳ್ಳುತ್ತದೆ. ಫ್ರಾನ್ಸಿನ ಕಲಾವಿದ ಊಬೇರ್ ದ್ಯುಪ್ರಾ 1980ರ ದಶಕದಲ್ಲಿ ಈ ಹುಳುಗಳಿಗೆ ತೊಟ್ಟಿಯಲ್ಲಿ ಚಿನ್ನದ ಚೂರು, ಮುತ್ತುಗಳನ್ನು ಕೊಟ್ಟು ನೋಡಿದರು. ಹುಳುಗಳು ಅವುಗಳಿಂದಲೇ ಕೊಳವೆ ಕಟ್ಟಿದವು. ಪ್ರಕೃತಿಯ ಸಾಮಗ್ರಿಯಿಂದ ಕೆಲಸ ಮಾಡುವವರಲ್ಲಿ ತೊರೆಯ ಮೊದಲ ಹಕ್ಕುದಾರ ಈ ಹುಳುವೇ ಎಂದು ನನ್ನ ಅಭಿಪ್ರಾಯ.

ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದವರು ತೊರೆಯ ಕಲ್ಲುಗಳನ್ನು ಸರಿಸಬೇಡಿ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಹೆಲ್‌ಬೆಂಡರ್ ಎಂಬ ದೊಡ್ಡ ಸಲಮಾಂಡರ್ (ಹಲ್ಲಿಯಾಕಾರದ ಉಭಯಚರಿ) ಅಲ್ಲಿನ ಕಲ್ಲುಗಳಡಿಯೇ ಬದುಕಿ ಮೊಟ್ಟೆಯಿಡುವುದು ಅದಕ್ಕೆ ಒಂದು ಕಾರಣ. ಕಲ್ಲು ಅಡ್ಡ ಇಟ್ಟು ಹರಿವನ್ನು ಕಟ್ಟುವುದೂ ಬೇಡ. ಕೆಳಗಡೆ ನೀರು ಕಡಿಮೆಯಾಗುತ್ತದೆ, ಮೇಲ್ಗಡೆ ಹೂಳು ಕೂರುತ್ತದೆ.

ಒಣ ದಂಡೆಯ ಕಲ್ಲು ಎತ್ತುವಾಗಲೂ ಅಂಚನ್ನು ನಿಮ್ಮ ವಿರುದ್ಧ ದಿಕ್ಕಿನಿಂದ ಎತ್ತಿ, ಅಂದರೆ ಕಲ್ಲು ನಿಮಗೂ ಅಡಿಯಲ್ಲಿರಬಹುದಾದ ಹಾವು, ಚೇಳಿಗೂ ನಡುವೆ ಇರಲಿ. ಗುರುತಿಲ್ಲದ ಗಿಡದ ಹಾಲು, ರಸ ಮೈಗೆ ತಾಗಿಸಿಕೊಳ್ಳಬೇಡಿ.

ಶುರು ಮಾಡಲು: ಬಣ್ಣಗಳನ್ನು ಸಾಲಿಗೆ ಹಚ್ಚುವುದು

ಮೊದಲ ಕೆಲಸ ಸುಲಭದ್ದಿರಲಿ. ತರಗೆಲೆಗಳನ್ನು ಒಂದು ಮಡಿಲು ತುಂಬ ಆರಿಸಿ ತಂದು ಬಣ್ಣದ ಪ್ರಕಾರ ಸಾಲಿಡಿ. ಕಂದು, ಹಳದಿ, ಹಸಿರು ಎಂದು ಮೂರು ಗುಂಪಾಗಿ ಶುರುವಾಗುವ ಈ ಕೆಲಸ ಸ್ವಲ್ಪ ಹೊತ್ತಿಗೆ ಕಷ್ಟವಾಗುತ್ತಾ ಹೋಗುತ್ತದೆ. ಹಳದಿಯಲ್ಲೇ ಹಸಿರು ಇನ್ನೂ ಆರದ ಹಳದಿ, ಕಿತ್ತಳೆಗೆ ವಾಲಿದ ಹಳದಿ, ಅಂಚು ಸುಟ್ಟ ಹಳದಿ ಎಂದು ಬೇರೆಬೇರೆ ಕಾಣತೊಡಗುತ್ತವೆ. ಎಲೆಯ ಹಸಿರು ಕಳೆದುಹೋದಾಗ ಒಳಗೆ ಮೊದಲೇ ಇದ್ದ ಹಳದಿ ಹೊರಬೀಳುತ್ತದೆ, ಕೆಲವು ಜಾತಿಗಳಲ್ಲಿ ಕೆಂಪು ಹೊಸದಾಗಿ ಹುಟ್ಟುತ್ತದೆ. ಒಂದೇ ಮರದ ಎಲೆಗಳಲ್ಲೂ ಇಷ್ಟು ಛಾಯೆ ಸಿಗುವುದು ಅದರಿಂದ.

ಸಾಲು ಸಿದ್ಧವಾದ ಮೇಲೆ ನೀರಿನ ಅಂಚಿನ ಬಂಡೆಯೊಂದನ್ನು ಆರಿಸಿ ಚೆನ್ನಾಗಿ ಒದ್ದೆ ಮಾಡಿ. ಎಲೆಗಳನ್ನು ನೀರಲ್ಲಿ ಅದ್ದಿ ಒಂದರ ತುದಿ ಮತ್ತೊಂದರ ಮೇಲೆ ಬರುವಂತೆ ಬಂಡೆಗೆ ಒತ್ತುತ್ತಾ ಹೋಗಿ. ಎಲೆಗೂ ಕಲ್ಲಿಗೂ ನಡುವಿನ ತೆಳು ನೀರಪೊರೆಯೇ ಅಂಟಿನ ಕೆಲಸ ಮಾಡುತ್ತದೆ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಬಂದರೆ ನೀರು ಚಿಮುಕಿಸಿದಾಗ ಎಲೆ ಎದ್ದುಬರುವುದಿಲ್ಲ. ದಪ್ಪ, ಮೇಣದ ಹೊಳಪಿರುವ ಎಲೆಗಳು ಅಂಟವು. ತೆಳುವಾಗಿ, ಸ್ವಲ್ಪ ಕೊಳೆತು ಮೆತ್ತಗಾದವು ಚೆನ್ನಾಗಿ ಕೂರುತ್ತವೆ. ಗಟ್ಟಿಯಾಗಿ ಮುರುಟಿಕೊಂಡ ಎಲೆಯನ್ನು ಹತ್ತು ನಿಮಿಷ ನೀರಲ್ಲಿ ಮುಳುಗಿಸಿಟ್ಟರೆ ಬಗ್ಗುತ್ತದೆ. ಬಿಸಿಲು ಬಂದರೆ ಪೊರೆ ಆರಿ ಎಲೆ ಸುರುಳುವುದರಿಂದ ನೆರಳಿನ ಬಂಡೆಯನ್ನೇ ಹುಡುಕಿ.

ಎಲೆಯ ಸರಪಣಿ

ತೊರೆಯ ಕಲೆಗಳಲ್ಲಿ ನನಗೆ ತೀರಾ ಮೆಚ್ಚಿನದು ಇದು. ಎಲೆಗಳನ್ನು ಉದ್ದಕ್ಕೆ ಹೊಲಿದು ನೀರಿಗೆ ಬಿಟ್ಟರೆ, ಅಷ್ಟು ಹೊತ್ತು ಕಾಣದಿದ್ದ ಹರಿವಿನ ಆಕಾರ ಬಣ್ಣದ ಗೆರೆಯಾಗಿ ಕಣ್ಣಿಗೆ ಕಾಣುತ್ತದೆ.

ಒಂದೇ ಅಳತೆಯ, ಹರಿದಿರದ ಎಲೆಗಳು ಬೇಕು. ಪೂರ್ತಿ ಒಣಗಿದ್ದು ಪುಡಿಯಾಗುತ್ತದೆ, ಆದ್ದರಿಂದ ಇತ್ತೀಚೆಗೆ ಬಿದ್ದದ್ದನ್ನು ಆರಿಸಿ. ಹೊಲಿಯಲು ಒಣ ಮುಳ್ಳು, ಇಲ್ಲವೇ ಗಟ್ಟಿಯಾದ ಹುಲ್ಲುಕಡ್ಡಿಯನ್ನು ಬೆರಳಿನ ಒಂದು ಗೆಣ್ಣಿನಷ್ಟು ಉದ್ದಕ್ಕೆ ಓರೆಯಾಗಿ ಮುರಿದು ಇಟ್ಟುಕೊಳ್ಳಿ. ಮೊದಲ ಎಲೆಯ ತುದಿಯ ಮೇಲೆ ಎರಡನೆಯದರ ತೊಟ್ಟಿನ ಬುಡ ಬರುವಂತೆ ಎರಡು ಬೆರಳಗಲ ಒಂದರ ಮೇಲೊಂದು ಇಡಿ. ಕಡ್ಡಿಯನ್ನು ಮೇಲಿನಿಂದ ಚುಚ್ಚಿ ಕೆಳಗೆ ತಂದು, ಮತ್ತೆ ಕೆಳಗಿನಿಂದ ಮೇಲಕ್ಕೆ ಎತ್ತಿ. ಹೀಗೆ ಎರಡೂ ಎಲೆಗಳನ್ನು ಕಡ್ಡಿ ಎರಡೆರಡು ಸಲ ದಾಟಬೇಕು. ಎಲೆಯ ನಡುನರವನ್ನು ಅಡ್ಡಲಾಗಿ ಹಿಡಿಯುವಂತೆ ಚುಚ್ಚುವುದರಲ್ಲಿ ಗುಟ್ಟಿದೆ. ನರದ ಉದ್ದಕ್ಕೆ, ಬರೀ ತೆಳುಭಾಗದಲ್ಲಿ ಚುಚ್ಚಿದರೆ ನೀರು ಎಳೆದ ಕೂಡಲೇ ಎಲೆ ಸೀಳುತ್ತದೆ. ಅಡ್ಡ ಹಾಕಿದಾಗ ನರವೇ ಎಳೆತವನ್ನು ತಾಳುತ್ತದೆ. ಚುಚ್ಚುವಾಗ ಅಡಿಯಲ್ಲಿ ಬೆರಳು ಇಡದೆ ಮೆತ್ತನೆಯ ಮಣ್ಣಿನ ಮೇಲಿಟ್ಟು ಚುಚ್ಚಿ.

ಒಂದು ಮಾರು ಉದ್ದವಾದ ಮೇಲೆ ಮೊದಲ ಪರೀಕ್ಷೆ ಮಾಡಿ. ಸರಪಣಿಯ ಒಂದು ತುದಿಯನ್ನು ದಂಡೆಯ ಕಲ್ಲಿನಡಿ ಹಗುರಾಗಿ ಸಿಕ್ಕಿಸಿ, ಉಳಿದದ್ದನ್ನು ಕಲ್ಲಿನ ಹಿಂದಿನ ಸುಳಿಯಲ್ಲಿ ಇಳಿಬಿಡಿ. ತಲೆ ಸುಳಿಯೊಳಗೆ ತಿರುಗುತ್ತದೆ, ಬಾಲ ಹರಿವಿಗೆ ಸಿಕ್ಕು ಎಳೆಯುತ್ತದೆ, ನಡುಭಾಗ ಬಳುಕುತ್ತದೆ. ಕಿತ್ತುಬಂದ ಹೊಲಿಗೆ ಎಲ್ಲಿದೆ ಎಂದು ನೋಡಿ ಗಟ್ಟಿ ಮಾಡಿ, ಇನ್ನಷ್ಟು ಉದ್ದ ಸೇರಿಸಿ. ಬಣ್ಣದ ಸಾಲನ್ನು ಮೊದಲೇ ಹಚ್ಚಿಕೊಂಡಿದ್ದರೆ ಕಂದಿನಿಂದ ಹಳದಿಗೆ ನಿಧಾನವಾಗಿ ಹೊರಳುವ ಸರಪಣಿ ಮಾಡಬಹುದು. ಸಾಕೆನಿಸಿದಾಗ ಕಲ್ಲು ಸರಿಸಿ ಬಿಟ್ಟುಬಿಡಿ. ಎಲೆ, ಮುಳ್ಳು, ಹುಲ್ಲು ಬಿಟ್ಟು ಬೇರೇನೂ ಅದರಲ್ಲಿ ಇಲ್ಲದ್ದರಿಂದ ಕೆಳಗೆ ಹೋಗಿ ಹುಳುಗಳ ಆಹಾರವಾಗುತ್ತದೆ. ದಾರ ಬೇಡ ಎಂದದ್ದು ಇದಕ್ಕೇ.

ಅರ್ಧ ವೃತ್ತ ನಿಮ್ಮದು, ಇನ್ನರ್ಧ ನೀರಿನದು

ಗಾಳಿಯಿಲ್ಲದ ಬೆಳಗಿನ ಹೊತ್ತು, ನಿಶ್ಚಲವಾದ ಮಡುವಿನ ಅಂಚು ಸಿಕ್ಕಿದರೆ ಇದನ್ನು ಮಾಡಿ ನೋಡಿ. ಬಿದ್ದ ರೆಂಬೆಗಳಲ್ಲಿ ಇನ್ನೂ ಬಾಗುವಂಥ ತೆಳು ಕಡ್ಡಿ ಆರಿಸಿ, ಕಮಾನಿನಂತೆ ಬಗ್ಗಿಸಿ, ಎರಡು ತುದಿಗಳನ್ನೂ ನೀರಿನಡಿಯ ಕೆಸರಿಗೆ ಊರಿ. ನೀರಿನ ಮೇಲೆ ಸರಿಯಾಗಿ ಅರ್ಧ ವೃತ್ತ ನಿಲ್ಲಬೇಕು. ಪ್ರತಿಬಿಂಬ ಸೇರಿ ಅದು ಪೂರ್ಣವಾಗುತ್ತದೆ. ಮೇಲಿನಿಂದ ನೋಡಿದರೆ ಆಕಾರ ಅಷ್ಟಾಗಿ ಕೂಡುವುದಿಲ್ಲ. ಕಣ್ಣನ್ನೋ ಕ್ಯಾಮೆರಾವನ್ನೋ ನೀರಿನ ಮಟ್ಟದ ಹತ್ತಿರಕ್ಕೆ ಇಳಿಸಬೇಕು. ಒಂದರೊಳಗೊಂದು ಕಮಾನುಗಳನ್ನು ಚಿಕ್ಕದಾಗಿಸುತ್ತಾ ನಿಲ್ಲಿಸಿದರೆ ಉಂಗುರಗಳ ಸಾಲು ಬರುತ್ತದೆ, ನೇರ ಕಡ್ಡಿಗಳನ್ನು ಓರೆಯಾಗಿ ಊರಿದರೆ ಚೌಕಗಳು ಸಿಗುತ್ತವೆ. ಹಿಂದೆ ಕತ್ತಲ ಪೊದೆಯಿದ್ದರೆ ಕಡ್ಡಿ ಎದ್ದು ಕಾಣುತ್ತದೆ.

ಕಲ್ಲಿನ ಕೆಲಸ

ಒದ್ದೆ ಕಲ್ಲು ಕಡುಬಣ್ಣದ್ದಾಗಿ, ಒಣಗಿದಾಗ ಬೂದಿ ಬಳಿದಂತೆ ಮಂಕಾಗಿ ಕಾಣುವುದು ಎಲ್ಲರಿಗೂ ಗೊತ್ತು. ಒಣ ಕಲ್ಲಿನ ಒರಟು ಮೈ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಆ ಒರಟನ್ನು ನೀರು ತುಂಬಿದಾಗ ಚದುರುವಿಕೆ ಕಡಿಮೆಯಾಗಿ ಒಳಬಣ್ಣ ಕಾಣುತ್ತದೆ. ಇದನ್ನೇ ಬಣ್ಣವಾಗಿ ಬಳಸಿಕೊಳ್ಳಿ: ಒಂದೇ ಜಾತಿಯ ಒಣ ಕಲ್ಲುಗಳನ್ನು ಮರಳ ಮೇಲೆ ವೃತ್ತವಾಗಿ ಜೋಡಿಸಿ, ನಡುವೆ ಒಂದು ಗೆರೆಯ ಕಲ್ಲುಗಳನ್ನು ಮಾತ್ರ ಬೆರಳಿಂದ ಒದ್ದೆ ಮಾಡಿ. ಬಿಸಿಲಿಗೆ ಗೆರೆ ನಿಧಾನಕ್ಕೆ ಮಾಸುತ್ತದೆ, ಮತ್ತೆ ಒದ್ದೆ ಮಾಡಿದರೆ ಬೇರೆ ಗೆರೆ.

ಕಲ್ಲಿನ ಮೇಲೆ ಕಲ್ಲು ನಿಲ್ಲಿಸುವ ಗೋಪುರಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಹೋದಲ್ಲೆಲ್ಲ ಅದೇ ಗೋಪುರಗಳು ಕಾಣುವಂತಾಗಿ, ಇನ್ನೊಬ್ಬರು ಬಂದಾಗ ಆ ಜಾಗ ಮನುಷ್ಯರ ಸಹಿಯಿಂದ ತುಂಬಿರುತ್ತದೆ. ಸಮತೋಲನ ಕಲಿಯುವ ಆಸೆಯಿದ್ದರೆ ಒಣ ಗರಸಿನ ಮೇಲೆ ಮಾಡಿ, ಫೋಟೋ ತೆಗೆದು ಕೆಡವಿ. ಮೇಲಿನ ಕಲ್ಲಿಗೆ ಕೆಳಗಿನದರ ಮೇಲೆ ಮೂರು ಚಿಕ್ಕ ಆಸರೆಗಳು ಸಿಗುವಂತೆ ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಮೂರೂ ಸಿಕ್ಕಿದಾಗ ಬೆರಳಿಗೆ ಸಣ್ಣ ‘ಟಕ್’ ತಾಗುತ್ತದೆ. ಪಾದದ ಮೇಲೆ ಬೀಳುವಷ್ಟು ಭಾರದ ಕಲ್ಲು ಬೇಡ.

ಮಣ್ಣಿನಿಂದ ಬಣ್ಣ

ತೊರೆಯ ಸಾಮಗ್ರಿಯನ್ನು ಮನೆಗೆ ಒಯ್ಯುವಂಥ ಕೆಲಸ ಇದೊಂದೇ, ಒಯ್ಯುವುದೂ ಒಂದೆರಡು ಹಿಡಿಯಷ್ಟೇ. ಮಣ್ಣನ್ನು ಬಣ್ಣವಾಗಿ ಬಳಸುವುದು ಮನುಷ್ಯರ ಅತಿ ಹಳೆಯ ಅಭ್ಯಾಸಗಳಲ್ಲಿ ಒಂದು. ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯಲ್ಲಿ ಸಿಕ್ಕ ಕಲ್ಲಿನ ಚೂರಿನ ಮೇಲೆ ಕಾವಿಯಿಂದ ಎಳೆದ ಅಡ್ಡಗೆರೆಗಳಿಗೆ ಸುಮಾರು 73,000 ವರ್ಷ ಆಗಿದೆ. ಅದೇ ಗುಹೆಯಲ್ಲಿ ಚಿಪ್ಪಿನೊಳಗೆ ಕಲಸಿಟ್ಟ ಸುಮಾರು 1,00,000 ವರ್ಷ ಹಳೆಯ ಕಾವಿ ಮಿಶ್ರಣವೂ ಸಿಕ್ಕಿದೆ.

ನೀರು ಕೊರೆದ ದಂಡೆಯ ಗೋಡೆಯಲ್ಲಿ ಮಣ್ಣು ಪದರಪದರವಾಗಿ ಕಾಣುತ್ತದೆ. ಹಳದಿ, ಕೆಂಪು, ಬೂದು, ಕೆಲವೆಡೆ ಬಿಳಿ. ಗೋಡೆಯನ್ನು ಕೆತ್ತಬೇಡಿ, ಕುಸಿದು ಬಿದ್ದದ್ದನ್ನು ಬೇರೆಬೇರೆ ಡಬ್ಬಿಗೆ ಹಾಕಿಕೊಳ್ಳಿ. ಆಗಲೇ ಗುರುತು ಹಾಕಿಕೊಂಡ ಕಿತ್ತಳೆ ಗಸಿಯನ್ನೂ ಒಂದು ಚಮಚದಷ್ಟು ತೆಗೆದುಕೊಳ್ಳಿ. ಪಚ್ಚೆ ಹಸಿರು, ಕಡುನೀಲಿ, ಗಾಢ ಹಳದಿಯ ಖನಿಜಗಳನ್ನು ಬಿಡಿ. ತಾಮ್ರ, ಆರ್ಸೆನಿಕ್‌ನಂಥವು ಇರುವ ಸಂಭವವಿದೆ. ಮಣ್ಣಿನಲ್ಲಿ ಜೇಡಿ ಎಷ್ಟಿದೆ ಎಂದು ತಿಳಿಯಲು ಒದ್ದೆ ಮಾಡಿ ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಡದೆ ಸುತ್ತಿಕೊಂಡರೆ ಜೇಡಿ ಧಾರಾಳವಾಗಿದೆ.

ಮನೆಗೆ ಬಂದ ಮೇಲಿನ ಕೆಲಸ ನೀರಿನಿಂದಲೇ ಆಗುತ್ತದೆ. ಮಣ್ಣನ್ನು ಎತ್ತರದ ಗಾಜಿನ ಲೋಟದಲ್ಲಿ ಸಾಕಷ್ಟು ನೀರಿಗೆ ಹಾಕಿ ಚೆನ್ನಾಗಿ ಕದಡಿ. ಸುಮಾರು 10 ಸೆಂಟಿಮೀಟರ್ ಆಳದ ನೀರಿನಲ್ಲಿ ಮರಳು ಅರ್ಧ ನಿಮಿಷದೊಳಗೆ ತಳ ಸೇರುತ್ತದೆ. ಅದಕ್ಕಿಂತ ಸಣ್ಣ ಕಣಗಳು ಇನ್ನೂ ತೇಲುತ್ತಿರುವಾಗಲೇ ಮೇಲಿನ ಬಣ್ಣದ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ತಳದ ಮರಳು ಬಿಡಿ. ಇದನ್ನು ಎರಡು ಮೂರು ಸಲ ಮಾಡಿ, ಕೊನೆಯ ಪಾತ್ರೆಯನ್ನು ಅಲುಗಿಸದೆ ಬಿಡಿ. 0.002 ಮಿಲಿಮೀಟರ್ ಅಳತೆಯ ಜೇಡಿ ಕಣ ಅಷ್ಟೇ ಆಳ ಇಳಿಯಲು ಸುಮಾರು 8 ಗಂಟೆ ಬೇಕು, ಅದಕ್ಕಿಂತ ನುಣ್ಣಗಿರುವವಕ್ಕೆ ಇನ್ನೂ ಹೆಚ್ಚು. ಹಾಗಾಗಿ ಒಂದೆರಡು ದಿನ ಕಾದರೆ ಕೆಲಸ ಹಸನಾಗುತ್ತದೆ. ಮೇಲಿನ ತಿಳಿಯನ್ನು ಚೆಲ್ಲಿ, ತಳದ ಗಸಿಯನ್ನು ತಟ್ಟೆಯಲ್ಲಿ ಒಣಗಿಸಿ. ಎರಡು ಬೆರಳ ನಡುವೆ ತಿಕ್ಕಿದಾಗ ಹರಳು ಸಿಗಬಾರದು.

ಹಳದಿ ಮಣ್ಣಿನಿಂದ ಕೆಂಪು ಪಡೆಯಬಹುದು. ಹಳದಿ ಬಣ್ಣ ಕೊಡುವ ಗೋಥೈಟ್ ಖನಿಜ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ತನ್ನೊಳಗಿನ ನೀರಿನಂಶ ಕಳೆದುಕೊಂಡು ಕೆಂಪು ಹೆಮಟೈಟ್ ಆಗುತ್ತದೆ. ಅಡುಗೆಗೆ ಬಳಸದ ಹಳೆಯ ಕಬ್ಬಿಣದ ಬಾಣಲೆಯಲ್ಲಿ, ಬಯಲಿನಲ್ಲಿ, ಪೂರ್ತಿ ಒಣಗಿದ ಪುಡಿಯನ್ನು ಕೈಯಾಡಿಸುತ್ತಾ ಹುರಿಯಿರಿ. ಬೇಕಾದ ಛಾಯೆ ಬಂದಾಗ ಇಳಿಸಿ. ತೊರೆಯ ಕಲ್ಲನ್ನು ಮಾತ್ರ ಎಂದಿಗೂ ಬೆಂಕಿಗಿಡಬೇಡಿ, ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಒಣ ಪುಡಿ ಅರೆಯುವಾಗ ಮಾಸ್ಕ್ ಕಟ್ಟಿಕೊಳ್ಳಿ, ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಪುಡಿ ಕಾಗದಕ್ಕೆ ಅಂಟಬೇಕಾದರೆ ಗೋಂದು ಬೇಕು. ಅರೇಬಿಕ್ ಗೋಂದು ಒಂದು ಪಾಲು, ಬಿಸಿನೀರು ಎರಡು ಪಾಲು ಸೇರಿಸಿ ಕರಗಿಸಿ, ಕೆಲವು ಹನಿ ಜೇನು ಬೆರೆಸಿದರೆ ಜಲವರ್ಣದ ಅಂಟು ಸಿದ್ಧ. ಗಾಜಿನ ಹಲಗೆಯ ಮೇಲೆ ಪುಡಿಗೆ ಸ್ವಲ್ಪಸ್ವಲ್ಪವೇ ಹಾಕಿ, ಚಪ್ಪಟೆ ಚಾಕುವಿನಿಂದ ತಿರುಗಿಸಿ ತಿರುಗಿಸಿ ಅರೆಯಿರಿ. ಮೊಟ್ಟೆಯ ಹಳದಿಗೆ ಅಷ್ಟೇ ನೀರು ಬೆರೆಸಿಯೂ ಬಳಸಬಹುದು, ಆದರೆ ಅದನ್ನು ಅಂದಂದೇ ಮುಗಿಸಬೇಕು.

ಕಪ್ಪಿಗೆ ಇದ್ದಿಲು. ಬೆರಳಿಗಿಂತ ತೆಳುವಾದ ಒಣ ಕಡ್ಡಿಗಳ ತೊಗಟೆ ಸುಲಿದು, ಮುಚ್ಚಳದಲ್ಲಿ ಒಂದು ಸಣ್ಣ ತೂತಿರುವ ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿ, ಬೆಂಕಿಯಲ್ಲಿಡಿ. ತೂತಿನಿಂದ ಹೊಗೆ ನಿಂತ ಮೇಲೆ ತೆಗೆಯಿರಿ, ಪೂರ್ತಿ ತಣ್ಣಗಾಗುವ ಮುನ್ನ ತೆರೆದರೆ ಗಾಳಿ ತಾಗಿ ಹತ್ತಿಕೊಳ್ಳುತ್ತದೆ. ಇದನ್ನು ತೊರೆಯ ದಂಡೆಯಲ್ಲಿ, ಒಣ ಹುಲ್ಲಿನ ನಡುವೆ ಮಾಡಬೇಡಿ.

ತೊರೆಯೇ ಬರೆಯುವ ಚಿತ್ರ

ಬ್ರಿಟನ್ನಿನ ಸೂಸನ್ ಡರ್ಜಸ್ 1990ರ ದಶಕದಲ್ಲಿ ಡೆವನ್ ಪ್ರಾಂತ್ಯದ ಟಾ ನದಿಯಲ್ಲಿ ರಾತ್ರಿ ಹೊತ್ತು ಫೋಟೋ ಕಾಗದವನ್ನೇ ನೀರೊಳಗೆ ಹಿಡಿದು, ಮೇಲಿನಿಂದ ಕ್ಷಣಕಾಲ ಫ್ಲ್ಯಾಶ್ ಬೆಳಗಿ, ಅಲೆಗಳ ಮತ್ತು ಎಲೆಗಳ ನೆರಳನ್ನು ಹಿಡಿದರು. ಕ್ಯಾಮೆರಾ ಬಳಸದೆ ನದಿಯಿಂದಲೇ ಚಿತ್ರ ಪಡೆಯುವ ಆ ಯೋಚನೆಯನ್ನು ನಾವು ರಾಸಾಯನಿಕ ಇಲ್ಲದೆ ಬೇರೆ ರೀತಿಯಲ್ಲಿ ಬಳಸಬಹುದು.

ನೀರಿನಲ್ಲಿ ಹರಿಯದ ಕಾಗದ ಬೇಕು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಹತ್ತಿ ಕಾಗದ ಒಳ್ಳೆಯದು. ಅದನ್ನು ಒಂದು ಹಲಗೆಯ ಮೇಲಿಟ್ಟು, ಬೆರಳ ಗೆಣ್ಣಿನಷ್ಟು ಆಳ ಹರಿಯುವ ಅಂಚಿನಲ್ಲಿ ಓರೆಯಾಗಿ ಇಳಿಸಿ, ನಾಲ್ಕು ಮೂಲೆಗೆ ದಂಡೆಯ ಕಲ್ಲು ಹೇರಿ. ಅದೇ ತೊರೆಯ ನುಣುಪು ಮಣ್ಣನ್ನೋ ಇದ್ದಿಲ ಪುಡಿಯನ್ನೋ ಒಂದು ಚಿಟಿಕೆ ಮೇಲ್ತುದಿಯಲ್ಲಿ ಬಿಡಿ. ಕಾಗದದ ಉಬ್ಬುತಗ್ಗುಗಳಲ್ಲಿ, ಕಲ್ಲಿನ ಹಿಂದೆ, ಸುಳಿಯ ಅಂಚಿನಲ್ಲಿ ಪುಡಿ ಕೂರುತ್ತದೆ, ಉಳಿದದ್ದು ಹೋಗುತ್ತದೆ. ಎತ್ತುವಾಗ ಕಾಗದವನ್ನು ಹಿಡಿಯದೆ ಹಲಗೆಯನ್ನು ಸಮವಾಗಿ ಎತ್ತಿ, ಹಾಗೆಯೇ ನೆರಳಲ್ಲಿ ಒಣಗಿಸಿ. ಒಣಗಿದ ಪುಡಿ ಉದುರದಿರಲು ತೆಳು ಗೋಂದಿನ ನೀರನ್ನು ಸಿಂಪಡಿಸಬಹುದು.

ಇನ್ನೊಂದು ವಿಧಾನಕ್ಕೆ ನೀರಿಗೆ ಬಾಗಿ ಹರಿವಿನಿಂದ ಸದಾ ಅಲುಗುವ ರೆಂಬೆ ಬೇಕು. ಅದರ ದಂಡೆ ಬದಿಯ ಕವಲಿಗೆ ಇದ್ದಿಲ ತುಂಡನ್ನು ಹುಲ್ಲಿನಿಂದ ಕಟ್ಟಿ, ಅದು ತಾಗುವಂತೆ ಕಾಗದದ ಹಲಗೆಯನ್ನು ಹಿಡಿಯಿರಿ. ಬೆಳಗ್ಗೆ ಬರೆಸಿದ್ದನ್ನೂ ಮಳೆ ಬಂದ ಮರುದಿನ ಬರೆಸಿದ್ದನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ತೊರೆಯ ಎರಡು ಕೈಬರಹ ಸಿಗುತ್ತದೆ. ಕಾಗದದ ಹಿಂದೆ ದಿನಾಂಕ ಬರೆಯಲು ಮರೆಯಬೇಡಿ.

ಬಿಸಿಲಿಗೆ ನೀಲಿ ಮುದ್ರೆ ಮೂಡಿಸುವ ಸಯಾನೋಟೈಪ್ ಕಾಗದ ಬಳಸುವವರು ಅದನ್ನು ತೊರೆಯಲ್ಲಿ ತೊಳೆಯಬಾರದು. ಶಾಯಿ, ಅಕ್ರಿಲಿಕ್ ಬಣ್ಣ, ಮಿನುಗುಪುಡಿಯೂ ನೀರಿಗೆ ಬೇಡ.

ಮಕ್ಕಳ ಜೊತೆ ಹೋದಾಗ ಇದನ್ನೆಲ್ಲ ಒಂದೇ ದಿನ ಮಾಡಿಸಲು ಹೋಗಬೇಡಿ. ಬಣ್ಣದ ಸಾಲು, ಎಲೆ ಅಂಟಿಸುವುದು, ಇವೆರಡು ಧಾರಾಳವಾಯಿತು. ನೀರಿಗೂ ಅವರಿಗೂ ನಡುವೆ ಒಬ್ಬ ದೊಡ್ಡವರು ಯಾವಾಗಲೂ ಇರಬೇಕು.

ಫೋಟೋ, ಆಮೇಲೆ ಹೊರಡುವುದು

ಹೆಚ್ಚಿನ ಕೆಲಸಗಳಲ್ಲಿ ಉಳಿಯುವುದು ಫೋಟೋ ಮಾತ್ರವಾದ್ದರಿಂದ ಅದಕ್ಕೆ ಸಮಯ ಕೊಡಿ. ನಡುಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಬೆಳ್ಳಗೆ ಹೊಳೆದು ಬಣ್ಣ ನುಂಗುತ್ತದೆ. ಮೋಡದ ದಿನ, ಇಲ್ಲವೇ ಬೆಳಗ್ಗೆ, ಸಂಜೆ ಒಳ್ಳೆಯದು. ನೀರಿನಡಿಯದ್ದು ಕಾಣಬೇಕಾದರೆ ನೀರಿನ ಮೇಲಿನ ಹೊಳಪನ್ನು ತಗ್ಗಿಸುವ ಪೋಲರೈಸಿಂಗ್ ಫಿಲ್ಟರ್ ಹಾಕಿ ತಿರುಗಿಸಿ ನೋಡಿ. ಅದು ಇಲ್ಲದಿದ್ದರೆ ಪೋಲರೈಸ್ಡ್ ಕಪ್ಪು ಕನ್ನಡಕವನ್ನು ಫೋನಿನ ಲೆನ್ಸಿನ ಮುಂದೆ ಹಿಡಿದರೂ ಆದೀತು. ಪ್ರತಿಬಿಂಬವೇ ಬೇಕಾದ ಕಮಾನಿನ ಕೆಲಸಕ್ಕೆ ಫಿಲ್ಟರ್ ತೆಗೆಯಿರಿ. ಒಂದು ಹತ್ತಿರದ ಚಿತ್ರ, ಸುತ್ತಲಿನ ಜಾಗವೂ ಕಾಣುವ ಒಂದು ದೂರದ ಚಿತ್ರ, ಕೆಲಸ ಕರಗುವಾಗಿನ ಕೆಲವು ಚಿತ್ರಗಳು ಬೇಕು. ಕೊನೆಯವುಗಳನ್ನು ಜನ ತೆಗೆಯುವುದೇ ಇಲ್ಲ, ನಿಜವಾದ ಕೆಲಸ ಅಲ್ಲೇ ನಡೆಯುತ್ತಿರುತ್ತದೆ.

ಜಾಗ ಯಾವುದೆಂದು ಎಲ್ಲರಿಗೂ ಸಾರುವ ಮುನ್ನ ಯೋಚಿಸಿ. ಸಣ್ಣ ತೊರೆಗೆ ಜನಜಂಗುಳಿ ತಡೆಯುವ ಶಕ್ತಿಯಿಲ್ಲ.

ಹೊರಡುವ ಮುನ್ನ ಕಲ್ಲಿನ ವೃತ್ತವನ್ನು ಬಿಡಿಸಿ ಕಲ್ಲುಗಳನ್ನು ತಂದ ಕಡೆಗೇ ಹರಡಿ, ಕೆಸರಿಗೆ ಊರಿದ ಕಮಾನುಗಳನ್ನು ಕಿತ್ತು ದಂಡೆಗೆ ಹಾಕಿ. ಬೇರೆಯವರು ಬಿಟ್ಟುಹೋದ ಪ್ಲಾಸ್ಟಿಕ್ ಕಂಡರೆ ಅದನ್ನೂ ಹೊತ್ತು ತನ್ನಿ. ಕೊನೆಗೆ ಚಪ್ಪಲಿ, ಹಲಗೆ, ಡಬ್ಬಿಗಳಿಗೆ ಅಂಟಿದ ಕೆಸರು, ಪಾಚಿ, ಬೀಜಗಳನ್ನು ಅಲ್ಲೇ ಉಜ್ಜಿ ತೆಗೆಯಿರಿ. ನ್ಯೂಜಿಲೆಂಡಿನ ನದಿಯೊಂದರಲ್ಲಿ 2004ರಲ್ಲಿ ಡಿಡಿಮೋ ಎಂಬ ಹೊರಗಿನ ಪಾಚಿ ಪತ್ತೆಯಾಯಿತು. ಒಂದು ಹನಿ ನೀರಿನಲ್ಲೂ ಅಂಟಿಕೊಂಡು ನದಿಯಿಂದ ನದಿಗೆ ಹೋಗಬಲ್ಲದು ಎಂದು ಅಲ್ಲಿ ‘ನೋಡಿ, ತೊಳೆಯಿರಿ, ಒಣಗಿಸಿ’ ಎಂಬ ನಿಯಮ ತಂದರು. ಮುಟ್ಟಿ ನೋಡಿದಾಗ ಒಳಗೂ ಹೊರಗೂ ಒಣಗಿರಬೇಕು, ಆಮೇಲೂ ಕನಿಷ್ಠ 48 ಗಂಟೆ ಹಾಗೆಯೇ ಬಿಡಬೇಕು ಎನ್ನುವುದು ಅವರ ಲೆಕ್ಕ. ನೀವೂ ಅದನ್ನೇ ಪಾಲಿಸಿ. ಒಂದೇ ದಿನ ಎರಡು ತೊರೆಗಳಿಗೆ ಹೋಗುವುದಿದ್ದರೆ ಎರಡನೆಯದಕ್ಕೆ ಬೇರೆ ಚಪ್ಪಲಿ, ಬೇರೆ ಹಲಗೆ ಇಟ್ಟುಕೊಳ್ಳಿ.